ಮಹಡಿಯ ಕೋಣೆಯಲ್ಲಿ ಯಾರೂ ಇಲ್ಲ

ಹೋದ ತಿಂಗಳು ಸುಡಾನ್ ದೇಶದಿಂದ ನಮ್ಮ ಮನೆಗೆ ಒಂದು ಕಾಗದ ಬಂತು. ಬರೆದವನು ನಾನು ಕಂಡರಿಯದ ಒಬ್ಬ ಹುಡುಗ. ತನ್ನ ಅಣ್ಣ ಜ್ವರ ಬಂದು ತೀರಿಕೊಂಡನೆಂದೂ, ಅಣ್ಣನ ಪುಸ್ತಕದಲ್ಲಿ ಮದ್ರಾಸಿನ ವಿಳಾಸ ಇದೊಂದೇ ಇದ್ದದ್ದರಿಂದ ತಿಳಿಸುತ್ತಿದ್ದೇನೆಂದೂ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದ. ಸತ್ತವನಿಗೆ ಮೂವತ್ತೆರಡೋ ಮೂವತ್ಮೂರೋ ಆಗಿದ್ದೀತು. ನಾನು ಕಾಗದವನ್ನು ಎರಡು ಸಲ ಓದಿ, ಹೆಂಡತಿಯ ಕೈಗೆ ಕೊಟ್ಟು, ಆಫೀಸಿಗೆ ಹೊರಟೆ. ಬಸ್ಸಿನಲ್ಲಿ ಟಿಕೆಟ್ಟು ತೆಗೆಯುವುದನ್ನು ಮರೆತು ಕಂಡಕ್ಟರನಿಂದ ಬೈಸಿಕೊಂಡೆ. ಸತ್ತವನ ವಿಷಯ ಬರೆಯಬೇಕೆಂದು ಅವತ್ತಿನಿಂದ ಅನ್ನಿಸುತ್ತಿದೆ. ಬರೆಯಲು ಕೂತರೆ ನನ್ನ ವಿಷಯವೇ ಹೆಚ್ಚು ಬಂದೀತು, ಅದಕ್ಕೆ ಕಾರಣವೂ ಇದೆ. ಅವನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೇಳಬೇಕಾದ ದಿನ ಹೇಳದವನಿಗೆ ಈಗ ಹೇಳುವ ಹಕ್ಕಿಲ್ಲ.

ನಮ್ಮ ಮನೆ ಪೆರಂಬೂರಿನಲ್ಲಿದೆ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಇಲ್ಲಿಗೆ ವರ್ಗವಾಗಿ ಬಂದವರು. ಬಾಡಿಗೆ ಮನೆಗಳಲ್ಲೇ ಅವರ ನೌಕರಿ ಮುಗಿಯಿತು, ಆಯುಷ್ಯವೂ ಮುಗಿಯಿತು. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಎಪ್ಪತ್ತರ ದಶಕದಲ್ಲಿ ಕಚೇರಿಯಿಂದಲೇ ಸಾಲ ಎತ್ತಿ ಈ ಸಣ್ಣ ಮನೆ ಕಟ್ಟಿಸಿದೆ. ಸಾಲದ ಕಾಗದದಲ್ಲಿ ಒಂದು ಷರತ್ತಿತ್ತು. ಅಪ್ಪಣೆಯಿಲ್ಲದೆ ಮನೆಯನ್ನಾಗಲಿ ಅದರ ಒಂದು ಭಾಗವನ್ನಾಗಲಿ ಬಾಡಿಗೆಗೆ ಕೊಡಕೂಡದು. ಅದಕ್ಕೆ ಸಹಿ ಹಾಕಿ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ ಮಹಡಿಯ ಮೇಲೊಂದು ಕೋಣೆ ಎಬ್ಬಿಸಿ ಬಾಡಿಗೆಗೆ ಕೊಟ್ಟದ್ದು. ನಮ್ಮ ಕಚೇರಿಯಲ್ಲಿ ಸಾಲ ತೆಗೆದವರೆಲ್ಲ ಹಾಗೇ ಮಾಡುತ್ತಿದ್ದರು. ಯಾರೂ ರಸೀತಿ ಕೊಡುತ್ತಿರಲಿಲ್ಲ, ಅಷ್ಟೆ.

ಎಂಬತ್ತರ ದಶಕದ ಮೊದಮೊದಲು, ಒಂದು ಭಾನುವಾರ, ಬ್ರೋಕರೊಬ್ಬ ಅವನನ್ನು ಕರೆದುಕೊಂಡು ಬಂದ. ತನ್ನ ದೇಶದಲ್ಲಿ ಶುರು ಮಾಡಿದ್ದ ಪಶುವೈದ್ಯದ ಓದನ್ನು ಮುಗಿಸಲು ಮದ್ರಾಸಿಗೆ ಬಂದಿದ್ದ ಹುಡುಗ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಪೆರಿಯಮೇಟಿನ ಲಾಡ್ಜೊಂದರಲ್ಲಿ ದಿನಬಾಡಿಗೆ ತೆತ್ತುಕೊಂಡಿದ್ದ. 'ಮನೆ ಬಾಡಿಗೆಗಿದೆ' ಎಂದು ಬೋರ್ಡು ತೂಗುಹಾಕಿದ್ದ ಆರೇಳು ಮನೆಗಳಲ್ಲಿ ಅವನ ಮುಖ ನೋಡಿದ ಮೇಲೆ, ಈಗ ತಾನೇ ಕೊಟ್ಟುಬಿಟ್ಟೆವು ಎಂದಿದ್ದರಂತೆ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ. ವಿನಯವಿರಬೇಕು ಎಂದುಕೊಂಡೆ. ನಮ್ಮ ಬಾಗಿಲ ಚೌಕಟ್ಟು ಅವನಿಗಿಂತ ಗಿಡ್ಡವಾಗಿತ್ತು ಎಂದು ಆಮೇಲೆ ತಿಳಿಯಿತು.

ಅವನಿಗಿಂತ ಮುಂಚೆ ಆ ಕೋಣೆಯಲ್ಲಿದ್ದವರು ತೊಂಬತ್ತು ರೂಪಾಯಿ ಕೊಡುತ್ತಿದ್ದರು. ನಾನು ಇನ್ನೂರು ಎಂದೆ. ಚೌಕಾಸಿ ಮಾಡುತ್ತಾನೆ, ನೂರೈವತ್ತಕ್ಕೆ ಇಳಿಯೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅವನು ಚೌಕಾಸಿಯನ್ನೇ ಮಾಡಲಿಲ್ಲ. ಸರಿ ಎಂದ. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. ವಿದೇಶದವರ ಹತ್ತಿರ ಡಾಲರು ಇರುತ್ತವೆ, ನಿನಗೆ ಗೊತ್ತಾಗುವುದಿಲ್ಲ ಎಂದು ಆಮೇಲೆ ಅವಳ ಬಾಯಿ ಮುಚ್ಚಿಸಿದೆ. ಅವನ ಅಪ್ಪ ನೈಲ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಶಾಲೆಯ ಮೇಷ್ಟ್ರು ಎಂದು ಮೂರು ತಿಂಗಳ ಮೇಲೆ ತಿಳಿಯಿತು. ತಿಳಿದ ಮೇಲೂ ನಾನು ಬಾಡಿಗೆ ಇಳಿಸಲಿಲ್ಲ.

ಅವನಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವುದರ ಬೆಲೆ ಕೇಳಿದರೂ ಅದನ್ನು ಊಟದಲ್ಲಿ ಹೇಳುತ್ತಿದ್ದ. ಊರಿನಿಂದ ಅಪ್ಪ ಕಳಿಸುವ ಹಣ ದಾರಿಯಲ್ಲಿ ಎರಡು ಕಡೆ ಬದಲಾಗಿ, ಸವೆದು ಬರುತ್ತಿತ್ತು. ಒಂದೊಂದು ಸಲ ಎರಡು ತಿಂಗಳಾದರೂ ಸುದ್ದಿಯೇ ಇರುತ್ತಿರಲಿಲ್ಲ. ಹಾಗಾಗಿ ಪುರಸವಾಕ್ಕಂನ ಮೆಸ್ಸೊಂದರಲ್ಲಿ ಒಂದೇ ಸಲ ಬಡಿಸುವ ಅಳತೆ ಊಟವೇ ಅವನ ನಾಣ್ಯವಾಗಿತ್ತು. ಅಂಗಡಿಯಲ್ಲಿ ಅಂಗಿಯ ಬಟ್ಟೆ ಮುಟ್ಟಿ ನೋಡಿ, ಒಂಬತ್ತು ಊಟ ಎಂದು ಕೈ ಹಿಂದಕ್ಕೆ ತೆಗೆಯುವನು. ದನದ ಅಂಗರಚನೆಯ ಪುಸ್ತಕ ಮೂವತ್ತು ಊಟ. ಅದನ್ನು ಕೊಳ್ಳದೆ, ಲೈಬ್ರರಿಯಲ್ಲಿ ಕೂತು, ಚಿತ್ರಗಳ ಸಮೇತ ಇಡೀ ಪುಸ್ತಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ಸೀಮೆಣ್ಣೆ ಸ್ಟೋವಿನ ಬತ್ತಿ ಅರ್ಧ ಊಟ. ಊರಿಗೆ ಒಂದು ಫೋನು ಮಾಡಲು ಎಷ್ಟು ಎಂದು ನನ್ನ ಏಳು ವರ್ಷದ ಮಗಳು ಕೇಳಿದಾಗ ನಗುತ್ತಾ ಅಂಗೈ ಆಕಾಶಕ್ಕೆ ತೋರಿಸಿದ. ಅವಳು ಬಿಡಲಿಲ್ಲ, ನಮ್ಮ ಮನೆಯ ಬಾಡಿಗೆ ಎಷ್ಟು ಊಟ ಎಂದಳು. ನಾನು ಅಲ್ಲೇ ಪೇಪರು ಓದುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಬಾಡಿಗೆಗೆ ಊಟದ ಲೆಕ್ಕ ಬರುವುದಿಲ್ಲ ಮರಿ, ಅದು ನಿದ್ದೆಯ ಲೆಕ್ಕ ಎಂದ. ನಾನು ಪೇಪರಿನ ಹಾಳೆ ತಿರುವಿದೆ.

ಕಾಲೇಜಿಗೆ ನಡೆದೇ ಹೋಗುತ್ತಿದ್ದ. ಕಾಲಿಗೆ ಹವಾಯಿ ಚಪ್ಪಲಿ, ಕೈಚೀಲದಲ್ಲಿ ಬೂಟು. ಗೇಟಿನ ಹತ್ತಿರ ಬದಲಾಯಿಸಿಕೊಳ್ಳುವುದು. ಇದ್ದ ಒಂದೇ ಜೊತೆ ಬೂಟು ಓದು ಮುಗಿಯುವವರೆಗೂ ಬರಬೇಕಲ್ಲ. ಒಂದು ದಿನ ನನ್ನ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ರಸ್ತೆಯ ಅಂಚಿನಲ್ಲಿ ಬಿಸಿಲಲ್ಲಿ ನಡೆದು ಬರುತ್ತಿದ್ದವನು ನನ್ನನ್ನು ಕಿಟಕಿಯಲ್ಲಿ ಕಂಡು ಕೈ ಎತ್ತಿದ. ಪಕ್ಕದಲ್ಲಿ ಕಚೇರಿಯವನೊಬ್ಬ ಕೂತಿದ್ದ. ಯಾರದು ಎಂದು ಕೇಳಿದರೆ ಬಾಡಿಗೆಯ ಮಾತು ಬರುತ್ತದೆಂದು ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಸಂಜೆ ಅವನೇ, ನೀವು ನನ್ನನ್ನು ನೋಡಲಿಲ್ಲ ಅನ್ನಿಸುತ್ತದೆ ಎಂದ. ಹೌದು, ನೋಡಲಿಲ್ಲ ಎಂದೆ. ಅಂಥವು ಸಣ್ಣ ಸುಳ್ಳುಗಳು, ಲೆಕ್ಕಕ್ಕಿಲ್ಲ ಎಂದು ಆಗ ನಂಬಿದ್ದೆ.

ಅವನನ್ನು ಮನೆಯೊಳಕ್ಕೆ ಕರೆದವಳು ನನ್ನ ಅವ್ವ. ಮದ್ರಾಸಿಗೆ ಬಂದು ಇಪ್ಪತ್ತೈದು ವರ್ಷವಾಗಿದ್ದರೂ ಅವಳ ಹೊಟ್ಟೆ ಹುಬ್ಬಳ್ಳಿಯಲ್ಲೇ ಇತ್ತು. ಯಾರಾದರೂ ಆ ಕಡೆಯಿಂದ ಬರುವವರಿದ್ದರೆ ಅವರ ಗಂಟಿನಲ್ಲಿ ಜೋಳ ತರಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನು ಮೆಟ್ಟಿಲಿಳಿದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟ. ಹಿಟ್ಟಿನ ಕಡೆ ಕೈ ತೋರಿಸಿ ಏನೋ ಕೇಳಿದ. ಅವ್ವನಿಗೆ ಇಂಗ್ಲಿಷು ತಿಳಿಯದು. ನಾನು ಹೋಗಿ ವಿಚಾರಿಸಿದರೆ, ತಮ್ಮ ಊರಿನಲ್ಲಿ ದಿನವೂ ತಿನ್ನುವುದು ಇದೇ ಕಾಳು, ಇಲ್ಲಿಗೆ ಬಂದ ಮೇಲೆ ಇದರ ವಾಸನೆ ಇವತ್ತೇ ಬಂದದ್ದು ಎಂದ. ಅದನ್ನು ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಜ್ವಾಳ ತಿಂದು ಬೆಳದಂವ ಅಲ್ಲೇ ಯಾಕ ನಿಂತಿ? ಒಳಗ ಬಾ ತಮ್ಮಾ" ಎಂದಳು.

ಅವನು ನಾಲ್ಕು ರೊಟ್ಟಿ ತಿಂದ. ಮಾರನೆಯ ಭಾನುವಾರ ಅವಳಿಂದ ಹಿಟ್ಟು ಕೇಳಿ ತೆಗೆದುಕೊಂಡು, ಹುಳಿ ಬರಿಸಿ, ಹೆಂಚಿನ ಮೇಲೆ ಬಟ್ಟೆಯಷ್ಟು ತೆಳ್ಳಗೆ ಹರಡಿ ತನ್ನ ಊರಿನ ತಿಂಡಿ ಮಾಡಿ ತೋರಿಸಿದ. ಅವ್ವ ತಿಂದು ನೋಡಿ, ಇದು ನಮ್ಮ ದೋಸೆಯೇ, ನೀನು ಹೊಸದೇನೂ ಮಾಡಲಿಲ್ಲ ಎಂದು ಅವನ ಉತ್ಸಾಹಕ್ಕೆ ನೀರು ಹಾಕಿದಳು. ಆದರೆ ಮೂರು ತಿಂದಳು.

ಅವನಿಗೆಂದು ಒಂದು ಸ್ಟೀಲಿನ ತಟ್ಟೆ ಬೇರೆ ಇತ್ತು. ನಾವು ಲಿಂಗವಂತರು, ಅವನು ಹೊರಗೆ ಮಾಂಸ ತಿನ್ನುವವನು. ಮಾಂಸವನ್ನು ನಮ್ಮ ಮನೆಯ ಮೆಟ್ಟಿಲು ಹತ್ತಿಸಕೂಡದೆಂದು ನಾನೇ ಮೊದಲ ದಿನ ಹೇಳಿದ್ದೆ, ಅವನು ಎಂದೂ ಹತ್ತಿಸಲಿಲ್ಲ. ಆದರೂ ಆ ತಟ್ಟೆ ಹಿತ್ತಿಲ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಉಂಡ ಮೇಲೆ ಅವನೇ ತೊಳೆದು ಅಲ್ಲೇ ಇಡುತ್ತಿದ್ದ. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಮರುವರ್ಷ ಮದ್ರಾಸಿನಲ್ಲಿ ಮಳೆ ಕೈಕೊಟ್ಟು ನೀರಿಗೆ ಹಾಹಾಕಾರವಾಯಿತು. ಲಾರಿ ಬಂದರೆ ಬೀದಿಯ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದರು. ಮೊಣಕಾಲು ನೋವಿನ ಅವ್ವನನ್ನು ಕೂರಿಸಿ, ಅವನೇ ಎರಡೆರಡು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ. ಅವನು ನಿಂತರೆ ಯಾರೂ ಸಾಲು ಮುರಿಯುತ್ತಿರಲಿಲ್ಲ, ಆ ಎತ್ತರಕ್ಕೇ ಹೆದರಿ. ಒಂದು ದಿನ ಅವ್ವ ಅವನ ತಟ್ಟೆಯನ್ನು ಗೂಡಿನಿಂದ ತೆಗೆದು ನಮ್ಮ ತಟ್ಟೆಗಳ ಜೊತೆ ಒಂದೇ ಬೋಗುಣಿಯಲ್ಲಿ ಅದ್ದಿ ತೊಳೆದಳು. ಬೇರೆ ತೊಳೆಯಲು ನೀರಿಲ್ಲ ಎಂದಳು. ನೀರು ಬಂದ ಮೇಲೂ ಅದು ಗೂಡಿಗೆ ವಾಪಸು ಹೋಗಲಿಲ್ಲ.

ಭಾಷೆಯ ಕತೆ ಇನ್ನೊಂದು. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಅಜ್ಜಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ. ಹೆಂಡತಿ ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು, ಅವಳದು ಅರ್ಧಕ್ಕರ್ಧ. ನಾನು ಆಫೀಸಿನಿಂದ ಬಂದರೆ ಮಾತೇ ಆಡುವವನಲ್ಲ. ಹೀಗೆ ಬಾಯಿ ಕಟ್ಟಿದಂತಾಗಿದ್ದ ಅವ್ವನಿಗೆ ಮಾತಿಗೆ ಒಬ್ಬ ಸಿಕ್ಕ. ಅವಳು ಹೇಳಿದ್ದನ್ನು ಅವನು ಹಾಗೇ ತಿರುಗಿ ಹೇಳುತ್ತಾ ಕಲಿತ. ಮೊದಲ ಎರಡು ತಿಂಗಳು ಅದೇ ಈ ಊರಿನ ಭಾಷೆ ಎಂದು ತಿಳಿದಿದ್ದ ಪಾಪ. ಪೆರಂಬೂರು ಮಾರ್ಕೆಟ್ಟಿನಲ್ಲಿ ಬದನೆಕಾಯಿಯವಳ ಹತ್ತಿರ ಅಪ್ಪಟ ಹುಬ್ಬಳ್ಳಿಯ ಮಾತಿನಲ್ಲಿ ವ್ಯಾಪಾರಕ್ಕೆ ನಿಂತಾಗ ಅವಳು ಕಕ್ಕಾಬಿಕ್ಕಿಯಾದಳಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು, ಹಾಗಾದರೆ ನೀವೂ ಈ ಊರಿನವರಲ್ಲ ಎಂದ. ಅಪ್ಪ ಅವ್ವನನ್ನು ಕಟ್ಟಿಕೊಂಡು ಅಯನಾವರದ ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿದ್ದು, ಬಾಗಿಲಲ್ಲೇ ನಿಲ್ಲಿಸಿ ಯಾವ ಊರು, ಯಾವ ಜನ ಎಂದು ಕೇಳಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಅವನಿಗೆ, ನಾವು ಹಾಗೇನಲ್ಲ, ಇಲ್ಲೇ ಸ್ವಂತ ಮನೆಯಿದೆ ಎಂದು ಉತ್ತರ ಕೊಟ್ಟೆ.

ರಂಜಾನ್ ತಿಂಗಳಲ್ಲಿ ಅವನು ಹಗಲೆಲ್ಲ ನೀರೂ ಕುಡಿಯುವುದಿಲ್ಲವೆಂದು ತಿಳಿದಾಗ ಅವ್ವನಿಗೆ ಅವನ ಮೇಲೆ ಗೌರವವೇ ಬಂದುಬಿಟ್ಟಿತು. "ನಾ ವಾರಕ್ಕೊಂದ ಸೋಮವಾರ ಹಿಡಿತೇನಿ, ಅಂವ ತಿಂಗಳಾನಗಟ್ಲೆ ಸೋಮವಾರ ಹಿಡದಾನ" ಎಂದು ಪಕ್ಕದ ಮನೆಯವರಿಗೆಲ್ಲ ಸಾರಿದಳು. ಸಂಜೆ ದೀಪ ಹಚ್ಚಿದ ಮೇಲೆ ಅವನಿಗೊಂದು ಲೋಟ ಬೆಲ್ಲದ ಪಾನಕ ಮೆಟ್ಟಿಲ ಮೇಲೆ ಕಾದಿರುತ್ತಿತ್ತು. ಬೇರೆ ದಿನಗಳಲ್ಲಿ ಅವನು ಎಷ್ಟು ಹೊತ್ತಿಗೆ ಬಂದರೂ ಅವಳದು ಒಂದೇ ಪ್ರಶ್ನೆ, ಉಂಡಿ ಏನು ಎಂದು. ಅವನು ಯಾವಾಗಲೂ ಉಂಡೆ ಎನ್ನುತ್ತಿದ್ದ. ಅವಳು ಯಾವಾಗಲೂ ನಂಬುತ್ತಿರಲಿಲ್ಲ.

ಪ್ರಾಕ್ಟಿಕಲ್ಲಿಗೆಂದು ಮಾಧವರಂ ಕಡೆಯ ಹಾಲಿನ ಫಾರಮ್ಮಿಗೆ ಹೋಗಿಬಂದ ದಿನ ಅವನ ಮೈಯಿಂದ ಸಗಣಿಯ ವಾಸನೆ ಬರುತ್ತಿತ್ತು. ನನ್ನ ಹೆಂಡತಿ ಮೂಗು ಮುಚ್ಚಿಕೊಂಡರೆ ಅವ್ವನಿಗೆ ಅದೇ ಪರಮಸುಖ. ನಮ್ಮ ಬೀದಿಗೆ ಹಾಲು ಕೊಡುವವನ ಎಮ್ಮೆ ಒಮ್ಮೆ ಕರು ಹಾಕಲಾರದೆ ನರಳಿತು. ಇವನು ಅಂಗಿ ಬಿಚ್ಚಿ, ತೋಳಿಗೆಲ್ಲ ಎಣ್ಣೆ ಬಳಿದುಕೊಂಡು, ಎರಡು ಗಂಟೆ ಕೊಟ್ಟಿಗೆಯ ನೆಲದಲ್ಲಿ ಮಲಗಿ ಕರುವನ್ನು ತಿರುಗಿಸಿ ಹೊರಗೆಳೆದ. ತಾಯಿ, ಕರು ಎರಡೂ ಉಳಿದವು. ಆಮೇಲೆ ಇಡೀ ಬೀದಿಗೆ ಅವನು 'ಡಾಕ್ಟರ್'. ಹಾಲಿನವನು ದಿನವೂ ಅರ್ಧ ಲೀಟರ್ ಹಾಲು ತಂದು ಕೊಡುತ್ತಿದ್ದ, ದುಡ್ಡು ಮುಟ್ಟುತ್ತಿರಲಿಲ್ಲ. ಅದನ್ನು ಇವನು ನನ್ನ ಮಗಳಿಗೆ ಕೊಡುತ್ತಿದ್ದ. ಆ ಹಾಲನ್ನೂ ನಾವು ಬೇಡವೆನ್ನಲಿಲ್ಲ.

ಎರಡು ವರ್ಷ ಹೀಗೆ ಹೋಯಿತು. ಮೂರನೆಯ ವರ್ಷದ ಏಪ್ರಿಲಿನಲ್ಲಿ ಅವನ ಕೊನೆಯ ಪರೀಕ್ಷೆ. ಇಲ್ಲಿರಲು ಸರಕಾರ ಕೊಟ್ಟ ಅನುಮತಿ ಜನವರಿಗೇ ಮುಗಿಯುತ್ತಿತ್ತು. ಅದನ್ನು ನಾಲ್ಕು ತಿಂಗಳ ಮಟ್ಟಿಗೆ ಮುಂದುವರಿಸಿಕೊಳ್ಳಬೇಕು. ಅದುವರೆಗೂ ಅವನು ತನ್ನ ದೇಶದ ಹಿರಿಯ ವಿದ್ಯಾರ್ಥಿಯೊಬ್ಬನ ವಿಳಾಸ ಕೊಟ್ಟು ಕಾಲ ಹಾಕಿದ್ದ, ರಸೀತಿ ಇಲ್ಲ ಎಂದು ನಾನು ಹೇಳಿದ್ದರಿಂದ. ಆ ಹಿರಿಯ ಓದು ಮುಗಿಸಿ ಊರಿಗೆ ಹೋಗಿಬಿಟ್ಟಿದ್ದ. ಹಾಗಾಗಿ ನನ್ನ ಹತ್ತಿರ ಬಂದು, ನಾನು ನಿಮ್ಮ ಮನೆಯಲ್ಲಿದ್ದೇನೆ ಎಂದು ಎರಡು ಸಾಲು ಬರೆದುಕೊಡಿ ಎಂದ. ಬರುವ ವಾರ ಕೊಡುತ್ತೇನೆ ಎಂದೆ. ಆ ವಾರ ಬಂತು, ಹೋಯಿತು. ಇನ್ನೊಂದು ಸಲ ಕೇಳಿದ. ಇನ್ನೊಂದು ವಾರ ಎಂದೆ. ಬರಹದಲ್ಲಿ ಕೊಟ್ಟರೆ ಅದು ಎಲ್ಲೆಲ್ಲಿ ತಿರುಗಿ ನಮ್ಮ ಕಚೇರಿಯ ಮೇಜಿಗೆ ಬಂದೀತೋ ಎಂದು ನನಗೆ ದಿಗಿಲು. ಸಾಲದ ಕಂತು ಇನ್ನೂ ಹದಿನೆಂಟು ಉಳಿದಿದ್ದವು. ಅವನಿಗೆ ಅರ್ಥವಾಗಿರಬೇಕು. ಮೂರನೆಯ ಸಲ ಬಂದು, ಬರೆದುಕೊಡುವುದು ಬೇಡ, ನಾನು ಅರ್ಜಿಯಲ್ಲಿ ಈ ವಿಳಾಸ ಹಾಕಿದ್ದೇನೆ, ಪೊಲೀಸರು ವಿಚಾರಿಸಲು ಬರುತ್ತಾರೆ, ಆಗ ಇವನು ಇಲ್ಲಿದ್ದಾನೆ ಎಂದು ಬಾಯಲ್ಲಿ ಹೇಳಿದರೆ ಸಾಕು ಎಂದ. ಅದಕ್ಕೇನಂತೆ, ಧಾರಾಳವಾಗಿ ಹೇಳುತ್ತೇನೆ ಎಂದು ಅವನ ಬೆನ್ನು ತಟ್ಟಿದೆ.

ಕಾನ್‌ಸ್ಟೇಬಲ್ ಬಂದದ್ದು ಒಂದು ಬೆಳಿಗ್ಗೆ, ನಾನು ಆಫೀಸಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದಾಗ. ಹೆಂಡತಿ ಮಗಳನ್ನು ಶಾಲೆಗೆ ಬಿಡಲು ಹೋಗಿದ್ದಳು. ಅವನು ಆಗಲೇ ಕಾಲೇಜಿಗೆ ಹೋಗಿಯಾಗಿತ್ತು. ಒಳಗೆ ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕಾನ್‌ಸ್ಟೇಬಲ್ ನಡುವಯಸ್ಸಿನ, ಮೆತ್ತಗಿನ ಮನುಷ್ಯ. ಚಪ್ಪಲಿಯನ್ನು ಹೊರಗೇ ಬಿಟ್ಟು ಜಗುಲಿಯ ಮೇಲೆ ಕೂತ. ನೀರು ಕೊಟ್ಟೆ. ಕುಡಿದು, ಒಂದು ಫಾರಂ ತೆಗೆದು, ಅವನ ಹೆಸರನ್ನು ಕಷ್ಟಪಟ್ಟು ಓದಿದ.

"ಇಂದ ಪೈಯನ್ ಉಂಗ ವೀಟ್ಲ ವಾಡಗೈಕ್ಕು ಇರುಕ್ಕಾನಾ, ಸಾರ್?"

ಈ ಹುಡುಗ ನಿಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದಾನೆಯೇ ಎಂದು ಅಷ್ಟೇ ಅವನು ಕೇಳಿದ್ದು. ಹೌದಾದರೆ ಎಷ್ಟು ಬಾಡಿಗೆ, ಎಂದಿನಿಂದ ಎಂದು ತುಂಬಿಸಿ ಕೆಳಗೆ ಸಹಿ ಹಾಕಬೇಕು ಎಂದು ಫಾರಮ್ಮಿನ ಆ ಜಾಗವನ್ನು ಬೆರಳಿನಿಂದ ತೋರಿಸಿದ. ಬಾಡಿಗೆ ಎಂಬ ಮಾತನ್ನೂ ಸಹಿ ಎಂಬ ಮಾತನ್ನೂ ಒಟ್ಟಿಗೆ ಕೇಳಿದೊಡನೆ ನನಗೆ ಸಾಲದ ಕಾಗದದ ಷರತ್ತು ನೆನಪಾಯಿತು. ನೆಂಟ ಎಂದಿರಬಹುದಿತ್ತು. ಅತಿಥಿ, ಸುಮ್ಮನೆ ಇದ್ದಾನೆ ಎಂದಿರಬಹುದಿತ್ತು. ಅದೆಲ್ಲ ಆಮೇಲೆ ಹೊಳೆದದ್ದು.

"ಇಲ್ಲೀಂಗ. ಇಂಗೆ ಅಪ್ಪಡಿ ಯಾರುಂ ಇಲ್ಲೆ" ಎಂದೆ.

ಅಂಥವರು ಯಾರೂ ಇಲ್ಲಿಲ್ಲ. ಒಳಗೆ ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಮಹಡಿಯ ಹಗ್ಗದ ಮೇಲೆ ಅವನ ಉದ್ದನೆಯ ಬಿಳಿ ನಿಲುವಂಗಿ ಒಣಗುತ್ತಿತ್ತು, ನಮ್ಮ ಮನೆಯಲ್ಲಿ ಯಾರೂ ತೊಡದಂಥದ್ದು. ಕಾನ್‌ಸ್ಟೇಬಲ್ ತಲೆ ಎತ್ತಿದ್ದರೆ ಕಾಣುತ್ತಿತ್ತು. ಎದುರು ಮನೆಯಲ್ಲಿ ಕೇಳಿದ್ದರೆ, ಹಾಲಿನವನನ್ನು ಕೇಳಿದ್ದರೆ, ಹಾದಿಯಲ್ಲಿ ಆಡುವ ಮಗುವನ್ನು ಕೇಳಿದ್ದರೆ ಹೇಳುತ್ತಿದ್ದರು. ಅವನು ಯಾರನ್ನೂ ಕೇಳಲಿಲ್ಲ. ನನ್ನ ಇಸ್ತ್ರಿ ಅಂಗಿ, ಕನ್ನಡಕ, ಹಣೆಯ ವಿಭೂತಿ ನೋಡಿ ನಂಬಿದ. ಫಾರಮ್ಮಿನ ಮೇಲೆ ಏನೋ ಗೀಚಿಕೊಂಡು, ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿ ಹೊರಟುಹೋದ.

ಹಿಂದೆಯೇ ಹೋಗಿ ನಿಜ ಹೇಳೋಣ ಎಂದು ಬೀದಿಯ ತಿರುವಿನವರೆಗೆ ಹೋದೆ. ಬಸ್ಸು ಬಂತು, ಹತ್ತಿಬಿಟ್ಟೆ. ನಾಳೆ ಆ ಕಚೇರಿಗೇ ಹೋಗಿ ಸರಿಮಾಡಿ ಬರೋಣ ಎಂದು ಐದಾರು ದಿನ ದಿನವೂ ಅಂದುಕೊಂಡೆ. ಅವನು ಸಂಜೆ ಬಂದರೆ ಸ್ನಾನಕ್ಕೋ ಪೂಜೆಗೋ ಎದ್ದುಹೋಗುತ್ತಿದ್ದೆ. ಯಾರಾದರೂ ಬಂದಿದ್ದರೇ ಎಂದು ಒಂದು ಸಲ ಕೇಳಿದ. ಇನ್ನೂ ಇಲ್ಲ ಎಂದೆ.

ಎರಡನೆಯ ವಾರ ಅವನು ಮಧ್ಯಾಹ್ನವೇ ಮನೆಗೆ ಬಂದ. ಅವತ್ತು ಶನಿವಾರ, ನಾನು ಮನೆಯಲ್ಲಿದ್ದೆ. ಅನುಮತಿ ಸಿಗಲಿಲ್ಲ, ಹತ್ತು ದಿನದಲ್ಲಿ ದೇಶ ಬಿಡಬೇಕಂತೆ ಎಂದ. ಯಾಕೆ ಎಂದು ಕೇಳಿದೆ. ಕೇಳುವಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ತಿಳಿಯದು. ವಿಳಾಸದಲ್ಲಿ ಏನೋ ತಪ್ಪಾಗಿತ್ತು, ನಾನೇ ಸರಿಯಾಗಿ ಬರೆದಿರಲಿಲ್ಲ ಎಂದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ, ಆದರೆ ಆ ನೋಟದಲ್ಲಿ ಕೋಪವಿರಲಿಲ್ಲ. ನಾನು ಬಂದು ಮಾತಾಡಲೇ ಎಂದೆ. ಬೇಡ ಸಾರ್, ಅಲ್ಲಿ ಎಲ್ಲ ಬರೆದು ಮುಗಿದಿದೆ ಎಂದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನು ಮೆಟ್ಟಿಲು ಹತ್ತಿಹೋದ ಮೇಲೆ ನಾನು ಒಂದು ಲೋಟ ಕಾಫಿ ಕೇಳಿ ಕುಡಿದೆ. ಸುಳ್ಳು ಹೇಳಿದ್ದಕ್ಕಿಂತಲೂ ಆ ಕಾಫಿಯ ರುಚಿ ನೆನೆದರೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಹೋಗುವ ದಿನ ಅವ್ವ ನಸುಕಿಗೇ ಎದ್ದು ಬಹಳ ದಿನ ಕೆಡದ ಮೂವತ್ತು ಕಟಕು ರೊಟ್ಟಿ ಮಾಡಿ, ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿದಳು. ಪರೀಕ್ಷೆ ಬರೆದು ಹೋಗಬಾರದೇ ಎಂದು ಹುಡುಗನನ್ನು ಕೇಳುತ್ತಲೇ ಇದ್ದಳು. ಅವನು ಮತ್ತೆ ಬಂದು ಬರೆಯುತ್ತೇನೆ ಅವ್ವ ಎಂದು ಅವಳ ಮಾತಿನಲ್ಲೇ ಹೇಳುತ್ತಿದ್ದ. ಮತ್ತೆ ಬರಲು ಎಷ್ಟು ಸಾವಿರ ಊಟ ಬೇಕು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೆಂಟ್ರಲ್ ಸ್ಟೇಷನ್ನಿನವರೆಗೆ ನಾನು ಹೋದೆ. ಹಾಲಿನವನೂ ಬಂದಿದ್ದ, ಕೈಯಲ್ಲಿ ಒಂದು ಹಾರ ಹಿಡಿದು. ಬೊಂಬಾಯಿ ರೈಲು ಹೊರಡುವಾಗ ಹಾಲಿನವನು ಅತ್ತ. ಹುಡುಗ ಎದೆಯ ಮೇಲೆ ಕೈಯಿಟ್ಟು ನನಗೆ ನಮಸ್ಕರಿಸಿ, ನಿಮ್ಮ ಮನೆಯಲ್ಲಿ ಚೆನ್ನಾಗಿದ್ದೆ ಸಾರ್ ಎಂದ. ನಾನು ಕೈ ಬೀಸಿದೆ.

ನಾಲ್ಕು ತಿಂಗಳಾದ ಮೇಲೆ ಅದೇ ಕಾನ್‌ಸ್ಟೇಬಲ್ ನಮ್ಮ ಬೀದಿಯ ಯಾರದೋ ಪಾಸ್‌ಪೋರ್ಟಿನ ವಿಚಾರಣೆಗೆ ಬಂದವನು ಟೀ ಅಂಗಡಿಯಲ್ಲಿ ಸಿಕ್ಕ. ನನ್ನನ್ನು ಗುರುತು ಹಿಡಿದು ತಾನಾಗಿಯೇ ಮಾತು ತೆಗೆದ. ಆ ಹುಡುಗ ಕಚೇರಿಯಲ್ಲಿ ಮೊದಲು, ನಾನು ಆ ಮನೆಯಲ್ಲೇ ಇದ್ದೇನೆ ಎಂದನಂತೆ. ಮನೆಯವರು ಇಲ್ಲವೆಂದಿದ್ದಾರೆ, ಇಬ್ಬರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದೀರಿ, ಮನೆಯ ಮಾಲೀಕನನ್ನು ಕರೆಸಿ ಕೇಸು ಹಾಕುತ್ತೇವೆ ಎಂದರಂತೆ ಅಧಿಕಾರಿ. ಹುಡುಗ ಕಾಗದ ಕೇಳಿ ಪಡೆದು, ತಾನು ಆ ಮನೆಯಲ್ಲಿ ಎಂದೂ ಇರಲಿಲ್ಲ, ಸುಮ್ಮನೆ ವಿಳಾಸ ಬಳಸಿಕೊಂಡೆ, ಮನೆಯವರಿಗೆ ತನ್ನ ಪರಿಚಯವಿಲ್ಲ ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದನಂತೆ. ಸುಳ್ಳು ವಿಳಾಸ ಕೊಟ್ಟ ಮೇಲೆ ಅನುಮತಿ ಕೊಡುವ ಮಾತೇ ಇಲ್ಲವಲ್ಲ. "ಇಲ್ಲೇನ್ನಾ ನೀಂಗದಾನ್ ಅಲೈಞ್ಜಿರುಪ್ಪೀಂಗ, ಸಾರ್" ಎಂದು ನಕ್ಕ ಕಾನ್‌ಸ್ಟೇಬಲ್. ಹುಡುಗ ಹಾಗೆ ಬರೆಯದಿದ್ದರೆ ಕಚೇರಿಗೆ ಅಲೆಯುತ್ತಿದ್ದವನು ನಾನು. ಕಾನ್‌ಸ್ಟೇಬಲ್ ಕುಡಿದ ಟೀಯ ದುಡ್ಡು ನಾನೇ ಕೊಟ್ಟೆ. ಈ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅವನಿಂದ ಕಾಗದ ಬಂದದ್ದು ಅದಾಗಿ ಎರಡು ವರ್ಷದ ಮೇಲೆ, ಅವ್ವನ ಹೆಸರಿಗೆ. ಇಂಗ್ಲಿಷಿನಲ್ಲಿತ್ತು. ಕೊನೆಗೆ ಒಂದು ಸಾಲು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಅವ್ವಾ, ಉಂಡಿ ಏನು? ಅಪ್ಪ ತೀರಿಕೊಂಡರೆಂದೂ, ಓದು ಮುಂದುವರಿಸಲು ಆಗಲಿಲ್ಲವೆಂದೂ, ಒಂದು ದನದ ಆಸ್ಪತ್ರೆಯಲ್ಲಿ ಡಾಕ್ಟರರ ಕೈಕೆಳಗೆ ಔಷಧಿ ಕೊಡುವ ಕೆಲಸ ಸಿಕ್ಕಿದೆಯೆಂದೂ, ಡಿಗ್ರಿ ಇಲ್ಲದ್ದರಿಂದ ಅದಕ್ಕಿಂತ ಮೇಲೆ ಹೋಗುವಂತಿಲ್ಲವೆಂದೂ ಬರೆದಿದ್ದ. ಅವ್ವನ ಮೊಣಕಾಲು ಹೇಗಿದೆ, ಲಾರಿ ನೀರು ಯಾರು ತಂದುಕೊಡುತ್ತಾರೆ ಎಂದು ಕೇಳಿದ್ದ. ನನಗೂ ಸಲಾಮು ಹೇಳಿದ್ದ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಅವ್ವ ಆಗ ಹಾಸಿಗೆ ಹಿಡಿದಿದ್ದಳು. ಹೋದ ವರ್ಷ ಅವಳೂ ತೀರಿಕೊಂಡಳು. ಅವತ್ತು ಕೇಳುತ್ತಾ ಕಣ್ಣು ಮುಚ್ಚಿಕೊಂಡಿದ್ದವಳು, ಈಗಲೇ ಉತ್ತರ ಬರೆಯಬೇಕು, ಪೆನ್ನು ತಾ ಎಂದಳು.

ಕ್ಷೇಮ ಸಮಾಚಾರವೆಲ್ಲ ಹೇಳಿ ಬರೆಸಿದಳು. ಆಮೇಲೆ, "ಎರಡು ವರ್ಷ ನಾಕ ತಿಂಗಳ ನೀ ನಮ್ಮ ಮನ್ಯಾಗ ಇದ್ದಿ ಅಂತ ಬರಿ" ಎಂದಳು.

ಅದು ಅವನಿಗೆ ಗೊತ್ತಿರುವುದೇ ಅಲ್ಲವೇ, ಅದನ್ನೇಕೆ ಬರೆಯಬೇಕು ಎಂದೆ.

"ಪೊಲೀಸ ಕೇಳಿದಾಗ ನೀ ಹೇಳಲಿಲ್ಲ. ನಾನೂ ಒಳಗ ಕುಂತು ಕೇಳಿದೆ, ಹೊರಗ ಬರಲಿಲ್ಲ. ನಿನ್ನ ನೌಕರಿ ಹೋದೀತು ಅಂತ ನನಗೂ ಅಂಜಿಕಿ ಆತು. ಈಗರೆ ಬರಿ."

ಬರೆದೆ. ಬರೆದದ್ದನ್ನು ಓದಿಸಿ ಕೇಳಿದಳು. ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚಲು ಹೋದರೆ ಕೈ ಎಳೆದುಕೊಂಡಳು.

"ನಂದು ಬ್ಯಾಡ. ಮನಿ ನಿಂದು. ನೀ ಸಹಿ ಮಾಡು."

ಆ ಸಾಲಿನ ಕೆಳಗೆ ಹೆಸರು ಬರೆದು, ಮನೆಯ ಮಾಲೀಕ ಎಂದೂ ಸೇರಿಸಿ ಸಹಿ ಮಾಡಿದೆ. ಕಚೇರಿಯ ಸಾಲ ಅದಕ್ಕೆ ಕೆಲವು ತಿಂಗಳ ಮುಂಚೆಯೇ ತೀರಿತ್ತು. ಸಹಿ ಮಾಡಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ.